ಸೌರ ಜಲತಾಪಕ: ಕೋಲಾರ ಸೀಮೆಯಲ್ಲಿ

ಬಿಸಿಲಿನ ಶಾಖದಿಂದ ನೀರನ್ನು ಕಾಯಿಸಿ, ಮರುದಿನ ಬೆಳಗಿನ ಸ್ನಾನದವರೆಗೆ ಆರದಂತೆ ಕಾಪಿಡುವ ಗೃಹೋಪಯೋಗಿ ಸಾಧನವೇ ಸೌರ ಜಲತಾಪಕ. ಜನರ ಬಾಯಲ್ಲಿ ಇದು ಬರೀ ‘ಸೋಲಾರ್’. ಹುತ್ತೂರು ಹೋಬಳಿಯನ್ನೂ ಒಳಗೊಂಡ ಕೋಲಾರ ತಾಲ್ಲೂಕು, ಅದರ ಸುತ್ತಲಿನ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಬಿಸಿಲಿಗೆ ಎಂದೂ ಬರವಿಲ್ಲ. ತಾರಸಿಯ ಮೇಲೆ ಯಾವ ಬಗೆಯ ಸೋಲಾರ್ ನಿಲ್ಲಬೇಕೆಂದು ಇಲ್ಲಿ ತೀರ್ಮಾನಿಸಿದ್ದು ಬಿಸಿಲಿಗಿಂತ ಹೆಚ್ಚಾಗಿ ಕೊಳವೆಬಾವಿಯ ನೀರು.

ಹಂಡೆಯ ಕಾಲ

ಸೋಲಾರ್‌ಗೆ ಮುನ್ನ ಬಚ್ಚಲುಮನೆಯ ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆಯೇ ಎಲ್ಲರಿಗೂ ಬಿಸಿನೀರು ಕೊಡುತ್ತಿತ್ತು. ರೇಷ್ಮೆ ಸೀಮೆಯಾದ್ದರಿಂದ ಹುಳುವಿಗೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ, ನೀಲಗಿರಿ ತೋಪಿನ ತರಗು, ತೆಂಗಿನ ಮಟ್ಟೆ ಎಲ್ಲವೂ ಆ ಒಲೆಗೆ ಬೀಳುತ್ತಿದ್ದವು. ವಿದ್ಯುತ್ತು ಜಿಲ್ಲೆಗೆ ಬಲು ಬೇಗ ಬಂತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆಯಲಾಯಿತು. ಆದರೆ ಆ ವಿದ್ಯುತ್ತು ಬಂದದ್ದು ಗಣಿಗಾಗಿ. ಹಳ್ಳಿಯ ಬಚ್ಚಲಲ್ಲಿ ಆಮೇಲೂ ಬಹಳ ಕಾಲ ಸೌದೆಯೇ ಉರಿಯಿತು.

ಸಾಧನದ ಹುಟ್ಟು

1767ರಲ್ಲಿ ಜಿನೀವಾದ ವಿಜ್ಞಾನಿ ಒರಾಸ್-ಬೆನೆಡಿಕ್ಟ್ ದ ಸೊಸ್ಯೂರ್ ಗಾಜು ಹೊದಿಸಿದ ಪೆಟ್ಟಿಗೆಯಲ್ಲಿ ಬಿಸಿಲಿನ ಶಾಖವನ್ನು ಹಿಡಿದಿಡಬಹುದೆಂದು ತೋರಿಸಿದ. ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ 1891ರಲ್ಲಿ ‘ಕ್ಲೈಮ್ಯಾಕ್ಸ್’ ಎಂಬ ಹೀಟರಿಗೆ ಪೇಟೆಂಟ್ ಪಡೆದ. ಅದರ ಕೊರತೆಯೆಂದರೆ, ಹಗಲು ಕಾದ ನೀರು ರಾತ್ರಿಯೇ ತಣ್ಣಗಾಗುತ್ತಿತ್ತು. 1909ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿಲಿಯಂ ಬೇಲಿ ಕಾಯಿಸುವ ಭಾಗವನ್ನೂ ಟ್ಯಾಂಕನ್ನೂ ಬೇರೆ ಮಾಡಿ, ಟ್ಯಾಂಕಿಗೆ ಶಾಖರೋಧಕ ಸುತ್ತಿ, ಅದನ್ನು ಮೇಲಕ್ಕೆ ಇಟ್ಟ. ಕಾದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಇಂದು ಕೋಲಾರದ ತಾರಸಿಗಳ ಮೇಲಿರುವ ಸೋಲಾರ್ ಕೆಲಸ ಮಾಡುವುದೂ ಹೀಗೆಯೇ. 1955ರ ಹೊತ್ತಿಗೆ ಇಸ್ರೇಲಿನ ಹ್ಯಾರಿ ಟೇಬರ್ ಬಿಸಿಲನ್ನು ಚೆನ್ನಾಗಿ ಹೀರಿ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡದ ಕಪ್ಪು ಲೇಪನವನ್ನು ರೂಪಿಸಿದ. 1980ರಲ್ಲಿ ಆ ದೇಶ ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯ ಮಾಡಿತು.

ಕರ್ನಾಟಕದಲ್ಲಿ

1973ರ ತೈಲ ಬಿಕ್ಕಟ್ಟಿನ ನಂತರ ಭಾರತ ಪರ್ಯಾಯ ಇಂಧನದತ್ತ ತಿರುಗಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಕೇಂದ್ರ ಆರಂಭವಾಗಿ, ಹಳ್ಳಿಮನೆಯ ಒಲೆ, ಸೌದೆಗಳನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿತು. ಅಸಾಂಪ್ರದಾಯಿಕ ಇಂಧನಕ್ಕೆಂದೇ ಕೇಂದ್ರ ಸರ್ಕಾರ 1982ರಲ್ಲಿ ಪ್ರತ್ಯೇಕ ಇಲಾಖೆ ತೆರೆಯಿತು. ಇಂಥ ಇಂಧನಕ್ಕೆ ಸಾಲ ನೀಡುವ ಕೇಂದ್ರದ ಸಂಸ್ಥೆ ‘ಇರೆಡಾ’ 1987ರಲ್ಲೂ ಅದೇ ಕ್ಷೇತ್ರದ ರಾಜ್ಯ ಸಂಸ್ಥೆ ‘ಕ್ರೆಡಲ್’ 1996ರಲ್ಲೂ ಸ್ಥಾಪನೆಯಾದವು. ಬೆಂಗಳೂರಿನಲ್ಲಿ ತಯಾರಕರ ದೊಡ್ಡ ಗುಂಪೇ ಬೆಳೆಯಿತು. ಪಕ್ಕದ ಜಿಲ್ಲೆಯಾದ ಕೋಲಾರಕ್ಕೆ ಸರಕು, ಮೆಕ್ಯಾನಿಕ್ ಎರಡೂ ಹತ್ತಿರವಾದವು.

2007ರ ನವೆಂಬರಿನಲ್ಲಿ ದೊಡ್ಡ ತಿರುವು ಬಂತು. 1,200 ಚದರಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ 600 ಚದರಡಿಗೂ ಮೇಲ್ಪಟ್ಟು ಕಟ್ಟಿದ ಮನೆಗೆ ಹೊಸ ವಿದ್ಯುತ್ ಸಂಪರ್ಕ ಬೇಕಾದರೆ ಸೋಲಾರ್ ಇರಲೇಬೇಕೆಂಬ ನಿಯಮವನ್ನು ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಜಾರಿಗೆ ತಂದಿತು. ಕೋಲಾರ ಜಿಲ್ಲೆಯೂ ಬೆಸ್ಕಾಂ ವ್ಯಾಪ್ತಿಯದೇ. ಸೋಲಾರ್ ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಸಿಗುತ್ತಿತ್ತು. 2010ರಲ್ಲಿ ಶುರುವಾದ ರಾಷ್ಟ್ರೀಯ ಸೌರ ಮಿಷನ್ ಕೆಲವು ವರ್ಷ ಸಹಾಯಧನವನ್ನೂ ಕೊಟ್ಟಿತು.

ಗಡುಸು ನೀರಿನ ತೀರ್ಪು

ಮೊದಲು ಬಂದದ್ದು ಪ್ಯಾನೆಲ್ ಸೋಲಾರ್. ಗಾಜಿನ ಕೆಳಗೆ ತಾಮ್ರದ ಹಾಳೆ, ಅದಕ್ಕೆ ಬೆಸೆದ ಸಣ್ಣ ತಾಮ್ರದ ಕೊಳವೆಗಳು. ದಿನಕ್ಕೆ 100 ಲೀಟರ್ ಕಾಯಿಸಲು ಸುಮಾರು 2 ಚದರ ಮೀಟರ್ ಪ್ಯಾನೆಲ್ ಬೇಕು. ಸಿಹಿನೀರು ಇರುವ ಕಡೆ ಇದು ದಶಕಗಟ್ಟಲೆ ಬಾಳುತ್ತದೆ. ಆದರೆ ಕೋಲಾರ ಜಿಲ್ಲೆಗೆ ಜೀವನದಿಯಿಲ್ಲ. ಕೆರೆಗಳು ಬತ್ತಿದಂತೆಲ್ಲ ಕೊಳವೆಬಾವಿಗಳು ಇಳಿಯುತ್ತ ಸಾವಿರ ಅಡಿ ದಾಟಿದವು. ಅಷ್ಟು ಆಳದ ನೀರು ಕಲ್ಲಿನ ಲವಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಕಾದಾಗ ಆ ಲವಣ ಸುಣ್ಣದಂತೆ ಬೇರ್ಪಟ್ಟು ಕೊಳವೆಯ ಒಳಗೋಡೆಗೆ ಕಚ್ಚುತ್ತದೆ. ಕಿರುಬೆರಳಷ್ಟು ಸಪೂರ ಕೊಳವೆ ಕಟ್ಟಿಕೊಂಡರೆ ನೀರು ಮೇಲೇರುವುದಿಲ್ಲ. ಪ್ಯಾನೆಲ್ ಸುಡುತ್ತಿರುತ್ತದೆ, ನಲ್ಲಿಯಲ್ಲಿ ತಣ್ಣೀರು.

2000ದ ದಶಕದಲ್ಲಿ ಚೀನಾದ ಗಾಜಿನ ಟ್ಯೂಬುಗಳು ಬಂದು ಈ ತೊಡಕನ್ನು ತಕ್ಕಮಟ್ಟಿಗೆ ಬಿಡಿಸಿದವು. ಒಂದರೊಳಗೊಂದು ಎರಡು ಗಾಜಿನ ಕೊಳವೆ, ನಡುವೆ ನಿರ್ವಾತ, ಒಳಗಾಜಿನ ಮೇಲೆ ಕಪ್ಪು ಲೇಪನ. ಬಾಯಿ ಅಗಲವಾದ್ದರಿಂದ ಸುಣ್ಣ ತಳಕ್ಕೆ ಇಳಿದರೂ ನೀರಿನ ಓಡಾಟ ಬೇಗ ನಿಲ್ಲುವುದಿಲ್ಲ. ಟ್ಯೂಬ್ ಎಳೆದು ತಲೆಕೆಳಗು ಮಾಡಿದರೆ ಬಿಳಿ ಪುಡಿ ಸುರಿಯುತ್ತದೆ. ತೊಳೆದು ಮತ್ತೆ ಕೂರಿಸಬಹುದು. ಟ್ಯೂಬಿನ ತುದಿ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ನಿರ್ವಾತ ಸರಿಯಾಗಿದೆ ಎಂದರ್ಥ. ಗಾಜು ಬಿರಿದು ಗಾಳಿ ನುಗ್ಗಿದರೆ ಒಳಗಿನ ಬೇರಿಯಂ ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ. ಮೆಕ್ಯಾನಿಕ್ ತಾರಸಿ ಹತ್ತಿದೊಡನೆ ನೋಡುವುದು ಅದನ್ನೇ. ಗಾಜಿಗೆ ಮಂಗಗಳ ಕಾಟವಿದೆ, ಟ್ಯಾಂಕಿನ ಒಳಮೈಗೆ ತುಕ್ಕಿನ ಕಾಟ. ಎರಡನೆಯದಕ್ಕೆ ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳು ಇಳಿಬಿಡುತ್ತಾರೆ. ಟ್ಯಾಂಕಿನ ಬದಲು ಸರಳು ಸವೆಯುತ್ತದೆ, ಸವೆದದ್ದನ್ನು ಬದಲಿಸುತ್ತಾರೆ.

ಇಂದಿನ ಸ್ಥಿತಿ

13 ಡಿಗ್ರಿ ಅಕ್ಷಾಂಶದ ಈ ಸೀಮೆಯಲ್ಲಿ ಸೋಲಾರನ್ನು ದಕ್ಷಿಣಕ್ಕೆ ಮುಖಮಾಡಿ, ಚಳಿಗಾಲದ ಬಿಸಿಲು ಹೆಚ್ಚು ಬೀಳುವಂತೆ ಓರೆಯಾಗಿ ನಿಲ್ಲಿಸುತ್ತಾರೆ. ತಣ್ಣೀರು ತಾನಾಗಿ ಇಳಿಯಬೇಕಾದ್ದರಿಂದ ತಣ್ಣೀರಿನ ತೊಟ್ಟಿ (‘ಸಿಂಟೆಕ್ಸ್’) ಸೋಲಾರ್‌ಗಿಂತ ಎತ್ತರದಲ್ಲಿರಬೇಕು. ಮನೆ ಕಟ್ಟುವಾಗ ಈ ಲೆಕ್ಕ ತಪ್ಪಿದರೆ ಆಮೇಲೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಬೇಕಾಗುತ್ತದೆ. ಮೋಡ ಕವಿದ ದಿನಗಳಿಗೆ ಟ್ಯಾಂಕಿನಲ್ಲೇ ಕರೆಂಟಿನ ಕಾಯಿಲ್ ಇರುತ್ತದೆ. ಹಂಡೆ ಪೂರ್ತಿ ಮರೆಯಾಗಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ಬೆಳಗಿ, ಸುಣ್ಣ-ಕೆಮ್ಮಣ್ಣು ಬಳಿದು ಪೂಜಿಸುವ ಮನೆಗಳು ಇನ್ನೂ ಇವೆ.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುತ್ತದೆ. ಕರೆಂಟೇ ಉಚಿತವಾದ ಮೇಲೆ ಸೋಲಾರ್ ಏಕೆ ಎಂದು ಕೇಳಬಹುದು. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.6 ಯೂನಿಟ್ ಬೇಕು. ದಿನವೂ ಗೀಸರ್‌ನಲ್ಲಿ ಇಷ್ಟು ನೀರು ಕಾಯಿಸಿದರೆ ತಿಂಗಳಿಗೆ 138 ಯೂನಿಟ್ ಸ್ನಾನಕ್ಕೇ ಹೋಗುತ್ತದೆ. ಆಗ ದೀಪ, ಫ್ಯಾನು, ಫ್ರಿಜ್, ಮಿಕ್ಸಿಗೆಲ್ಲ ಉಚಿತವಾಗಿ ಉಳಿಯುವುದು ಹೆಚ್ಚೆಂದರೆ 62 ಯೂನಿಟ್ ಮಾತ್ರ.