ಎಷ್ಟು ಕಡಿದು, ಯಾವ ಕಡೆಗೆ? ಗ್ರೇಡಿಯೆಂಟ್ ಪರಿಕಲ್ಪನೆಯ ಚರಿತ್ರೆ

ಕಾಲೇಜಿನ ಗಣಿತದಲ್ಲಿ ಗ್ರೇಡಿಯೆಂಟ್ ತಲೆಕೆಳಗಾದ ತ್ರಿಕೋನದ ಚಿಹ್ನೆಯನ್ನು ಹೊತ್ತು ಬರುತ್ತದೆ. ಪಠ್ಯಕ್ರಮವನ್ನು ನಂಬಿದರೆ, ಗಣಿತಜ್ಞರು ಇದನ್ನು ಕಟ್ಟಿ ಭೌತವಿಜ್ಞಾನಿಗಳ ಕೈಗೆ ಕೊಟ್ಟರು, ಅವರಿಂದ ಅದು ಎಂಜಿನಿಯರುಗಳಿಗೆ ತಲುಪಿತು ಎಂದೇ ಅನ್ನಿಸುತ್ತದೆ. ಚರಿತ್ರೆ ನಡೆದದ್ದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಈ ಪರಿಕಲ್ಪನೆಯೊಳಗೆ ಎರಡು ಪ್ರಶ್ನೆಗಳಿವೆ: ಏರು ಎಷ್ಟು ಕಡಿದು, ಮತ್ತು ಅದು ಯಾವ ಕಡೆಗೆ? ಮೊದಲನೆಯದು ಬಹಳ ಹಳೆಯದು. ಎರಡನೆಯದಕ್ಕೆ ಲೆಕ್ಕದ ಭಾಷೆ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಈಜಿಪ್ಟಿನ ರಿಂಡ್ ಪಪೈರಸ್ ಕ್ರಿ.ಪೂ. 1550ರ ಸುಮಾರಿನದು. ಅದರ ಕೆಲವು ಲೆಕ್ಕಗಳಲ್ಲಿ ಪಿರಮಿಡ್ಡಿನ ಓರೆಯನ್ನು 'ಸೆಕೆಡ್' ಎಂಬ ಅಳತೆಯಲ್ಲಿ ಹೇಳಲಾಗಿದೆ. ಒಂದು ಮೊಳ ಮೇಲೇರಿದರೆ ಗೋಡೆ ಎಷ್ಟು ಅಂಗೈ ಒಳಗೆ ಸರಿಯಬೇಕು ಎಂಬುದೇ ಸೆಕೆಡ್. ಮೊಳಕ್ಕೆ ಏಳು ಅಂಗೈ. ನಾವು ಏರನ್ನು ಅಡ್ಡದೂರದಿಂದ ಭಾಗಿಸಿದರೆ ಅವರು ಅಡ್ಡದೂರವನ್ನು ಏರಿನಿಂದ ಭಾಗಿಸುತ್ತಿದ್ದರು. ಕಲ್ಲು ಕೂರಿಸುವವನಿಗೆ ಅದೇ ಅನುಕೂಲ. ಬಚ್ಚಲಿನ ನೆಲಕ್ಕೆ ನಮ್ಮ ಗಾರೆ ಕೆಲಸದವರು ಕೊಡುವ ವಾಟವೂ ಇದೇ ಜಾತಿಯ ತಿಳಿವಳಿಕೆ: ತೂಬು ಎಲ್ಲಿದೆ ಎಂದು ಮೊದಲೇ ಗೊತ್ತು, ತಿಳಿಯಬೇಕಾದದ್ದು ಇಳಿಕೆ ಎಷ್ಟು ಎಂಬುದು ಮಾತ್ರ.

ರೈಲ್ವೆ ಈ ಲೆಕ್ಕವನ್ನು ಕಟ್ಟುನಿಟ್ಟು ಮಾಡಿತು. ಕಬ್ಬಿಣದ ಮೇಲೆ ಕಬ್ಬಿಣ ಉರುಳುವಾಗ ಹಿಡಿತ ಕಡಿಮೆ, ಹಾಗಾಗಿ ಕಣ್ಣಿಗೆ ಸಮತಟ್ಟಾಗಿ ಕಾಣುವ ಏರು ಕೂಡ ಗಾಡಿಗೆ ಭಾರ. 1863ರಲ್ಲಿ ಸಂಚಾರಕ್ಕೆ ತೆರೆದ ಭೋರ್ ಘಾಟಿನ ಮಾರ್ಗದಲ್ಲಿ ಅತಿ ಕಡಿದಾದ ಏರು 37ಕ್ಕೆ 1, ಅಂದರೆ 37 ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೆ. ಕೋನದಲ್ಲಿ ಅದು ಒಂದೂವರೆ ಡಿಗ್ರಿ, ಅಷ್ಟೆ. ಅಷ್ಟಕ್ಕೇ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಬೇಕು. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಗೆ ಇಳಿಯುವ ಹಳಿಯದೂ 37ಕ್ಕೆ 1. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯದು 50ಕ್ಕೆ 1. ರಸ್ತೆಯ ಫಲಕಗಳು ಇದನ್ನೇ ಶೇಕಡಾದಲ್ಲಿ ಹೇಳುತ್ತವೆ. ಶೇ. 100 ಎಂದರೆ ನೆಟ್ಟನೆ ನಿಂತ ಗೋಡೆ ಎಂದು ತಿಳಿದವರು ಬಹಳ. ಅದು ಬರೀ 45 ಡಿಗ್ರಿ.

ಹಳಿಗೆ ದಿಕ್ಕು ಮೊದಲೇ ಗೊತ್ತುಮಾಡಿದ್ದು. ಬೆಟ್ಟದ ಮೈಗೆ ಹಾಗಿಲ್ಲ. ಅಲ್ಲಿ ಒಂದೇ ಜಾಗದಿಂದ ಹೊರಟರೂ ಒಂದು ಕಡೆ ಕಡಿದಾದ ಏರು, ಇನ್ನೊಂದು ಕಡೆ ನಿಧಾನದ ಏರು, ಅಡ್ಡಕ್ಕೆ ನಡೆದರೆ ಏರೇ ಇಲ್ಲ. ಆಗುಂಬೆಯಂಥ ಘಾಟಿಯ ತಿರುವುಗಳ ಹಿಂದಿರುವ ಗಣಿತ ಇದೇ. ಬೆಟ್ಟದ ಅತಿ ಕಡಿದಾದ ಏರು ಶೇ. 30 ಇದ್ದು, ಬಸ್ಸು ಹತ್ತಬಲ್ಲದ್ದು ಶೇ. 10 ಎಂದುಕೊಳ್ಳಿ. ರಸ್ತೆ ಆ ಕಡಿದಾದ ದಿಕ್ಕಿಗೆ ಸುಮಾರು 70 ಡಿಗ್ರಿ ಓರೆಯಾಗಿ ಸಾಗಬೇಕು, ಯಾಕೆಂದರೆ 70 ಡಿಗ್ರಿಯ ಕೊಸೈನ್ ಸುಮಾರು ಮೂರರಲ್ಲೊಂದು. ದಾರಿ ಮೂರು ಪಟ್ಟು ಉದ್ದವಾಗುತ್ತದೆ, ಆ ಉದ್ದವನ್ನು ಬೆಟ್ಟದ ಮೈಮೇಲೆ ಹಿಡಿಸಲು ಹಾವಿನಂತೆ ಮಡಚಬೇಕಾಗುತ್ತದೆ. ಗಣಿತದ ಗ್ರೇಡಿಯೆಂಟ್ ಎಂದರೆ ಆ ಅತಿ ಕಡಿದಾದ ದಿಕ್ಕು ಮತ್ತು ಅಲ್ಲಿಯ ಏರಿನ ಪ್ರಮಾಣ, ಎರಡೂ ಸೇರಿದ ಒಂದು ಸದಿಶ. ಉಳಿದ ದಿಕ್ಕುಗಳ ಏರೆಲ್ಲ ಕೊಸೈನ್ ಮೂಲಕ ಅದರಿಂದಲೇ ಸಿಗುತ್ತದೆ.

ದಿಕ್ಕನ್ನು ಕಣ್ಣಿಗೆ ಕಾಣಿಸಿದ್ದು ನಕ್ಷೆ. ಭೂಮಿಯ ಸಾಂದ್ರತೆ ತಿಳಿಯಲು 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟವನ್ನು ಅಳೆದಾಗ ರಾಶಿಬಿದ್ದ ಅಂಕಿಗಳನ್ನು ಚಾರ್ಲ್ಸ್ ಹಟನ್ ಸಮ ಎತ್ತರದ ಗೆರೆಗಳಾಗಿ ಜೋಡಿಸಿದ. 1817ರಲ್ಲಿ ಹಂಬೋಲ್ಟ್ ಸಮೋಷ್ಣ ರೇಖೆಗಳನ್ನು ಎಳೆದ. ಗೆರೆಗಳು ಒತ್ತೊತ್ತಾದಲ್ಲಿ ಬದಲಾವಣೆ ತೀವ್ರ. ಗೆರೆಗೆ ಲಂಬವಾದದ್ದೇ ಗ್ರೇಡಿಯೆಂಟಿನ ದಿಕ್ಕು.

ಹವಾಮಾನಕ್ಕೆ ಈ ಪರಿಕಲ್ಪನೆಯನ್ನು ತಂದವನು ಒಬ್ಬ ಎಂಜಿನಿಯರ್ ಎಂಬುದನ್ನು ಗಮನಿಸಬೇಕು. ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಥಾಮಸ್ ಸ್ಟೀವನ್ಸನ್ (ಕಾದಂಬರಿಕಾರ ರಾಬರ್ಟ್ ಲೂಯಿಯ ತಂದೆ) 1860ರ ದಶಕದಲ್ಲಿ ಎರಡು ಊರುಗಳ ವಾಯುಭಾರದ ವ್ಯತ್ಯಾಸವನ್ನು ಅವುಗಳ ನಡುವಿನ ದೂರದಿಂದ ಭಾಗಿಸಿ, ಬಂದ ಉತ್ತರವನ್ನು ಗ್ರೇಡಿಯೆಂಟ್ ಎಂದು ಕರೆದ. ಹಳಿಯ ಲೆಕ್ಕ ಹಾಗೆಯೇ ಗಾಳಿಗೆ ದಾಟಿತು. ಆದರೆ ಗಾಳಿ ನೀರಿನಂತೆ ನೇರ ಇಳಿಜಾರಿಗೆ ಹರಿಯುವುದಿಲ್ಲ. 1857ರಲ್ಲಿ ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ ತೋರಿಸಿದ್ದಂತೆ, ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಹಾಕಿ ನಿಂತರೆ ಕಡಿಮೆ ಒತ್ತಡ ಎಡಗಡೆ ಇರುತ್ತದೆ. ಭೂಮಿಯ ತಿರುಗಾಟ ಗಾಳಿಯನ್ನು ಬಲಕ್ಕೆ ವಾಲಿಸಿ, ಸಮಭಾರ ರೇಖೆಗಳ ಗುಂಟ ಓಡುವಂತೆ ಮಾಡುತ್ತದೆ. ಗ್ರೇಡಿಯೆಂಟ್ ಹೇಳುವುದು ತಳ್ಳುವ ಬಲದ ದಿಕ್ಕನ್ನು, ಚಲನೆಯ ದಿಕ್ಕನ್ನಲ್ಲ. ಜನಪ್ರಿಯ ವಿವರಣೆಗಳು ಎಡವುವುದು ಬಹುತೇಕ ಇಲ್ಲಿಯೇ.

ಭೌತವಿಜ್ಞಾನದಲ್ಲಿ ಹರಿವಿನ ನಿಯಮಗಳ ಸರಣಿಯನ್ನು ಆರಂಭಿಸಿದವನು ಫೂರಿಯೆ. 1822ರ ಅವನ ಗ್ರಂಥದ ಪ್ರಕಾರ ಶಾಖದ ಹರಿವು ತಾಪದ ಗ್ರೇಡಿಯೆಂಟಿಗೆ ಅನುಪಾತದಲ್ಲಿರುತ್ತದೆ, ಮೈನಸ್ ಚಿಹ್ನೆಯೊಡನೆ, ಯಾಕೆಂದರೆ ಶಾಖ ಹೆಚ್ಚಿನಿಂದ ಕಡಿಮೆಯ ಕಡೆಗೆ ಸಾಗುತ್ತದೆ. 1827ರಲ್ಲಿ ಓಮ್ ಇದೇ ಮಾದರಿಯನ್ನು ವಿದ್ಯುತ್ತಿಗೆ ಹಚ್ಚಿದ. 1855ರಲ್ಲಿ ಶರೀರಶಾಸ್ತ್ರಜ್ಞ ಫಿಕ್ ಇಬ್ಬರನ್ನೂ ನೆನೆದು ಕರಗಿದ ಉಪ್ಪಿನ ಹರಡುವಿಕೆಗೆ ಅದನ್ನು ಒಗ್ಗಿಸಿದ. ಮರುವರ್ಷ ಡಾರ್ಸಿ ಮರಳಿನ ಮೂಲಕ ನೀರು ಇಳಿಯುವ ನಿಯಮವನ್ನು ಪ್ರಕಟಿಸಿದ. ನಾಲ್ಕು ಪದಾರ್ಥಗಳಿಗೆ ಒಂದೇ ಸಮೀಕರಣ, ಆದರೂ ಅದರ ನಡುವಿನ ರಾಶಿಗೆ ಎಲ್ಲರೂ ಒಪ್ಪಿದ ಹೆಸರಿರಲಿಲ್ಲ.

ಹೆಸರಿನ ಕಥೆ ನಿಧಾನದ್ದು. ಹ್ಯಾಮಿಲ್ಟನ್ 1840ರ ದಶಕದಲ್ಲಿ ಕ್ವಾಟರ್ನಿಯನ್‌ಗಳ ಸಂದರ್ಭದಲ್ಲಿ ಆ ತ್ರಿಕೋನವನ್ನು ಪಕ್ಕಕ್ಕೆ ಮಲಗಿಸಿ ಬಳಸಿದ. ಅದನ್ನು ಈಗಿನ ರೂಪದಲ್ಲಿ ಬಳಕೆಗೆ ತಂದವನು ಟೇಟ್. ಹಾರ್ಪ್ ಎಂಬ ತಂತಿವಾದ್ಯದ ಆಕಾರ ಕಂಡು 'ನಾಬ್ಲಾ' ಎಂದು ಹೆಸರು ಸೂಚಿಸಿದವನು ಅವನ ಸಹಾಯಕನಾಗಿದ್ದ ಬೈಬಲ್ ವಿದ್ವಾಂಸ ರಾಬರ್ಟ್‌ಸನ್ ಸ್ಮಿತ್. ಅದಿಶವೊಂದರ ಮೇಲೆ ನಾಬ್ಲಾ ಪ್ರಯೋಗಿಸಿದಾಗ ಸಿಗುವುದನ್ನು 'ಸ್ಲೋಪ್' ಎನ್ನೋಣ ಎಂದು ಮ್ಯಾಕ್ಸ್‌ವೆಲ್ 1871ರ ಲೇಖನವೊಂದರಲ್ಲಿ ಸೂಚಿಸಿದ. ಅದೇ ಲೇಖನದ 'ಕರ್ಲ್' ಉಳಿಯಿತು, 'ಸ್ಲೋಪ್' ನಿಲ್ಲಲಿಲ್ಲ. 1897ರಲ್ಲಿ ಹೊರೇಸ್ ಲ್ಯಾಂಬ್ ವಕ್ರರೇಖೆಯ ಓರೆಗೆ ಗ್ರೇಡಿಯೆಂಟ್ ಎಂದ. 1900ರಲ್ಲಿ ಹೈನ್ರಿಖ್ ವೆಬರ್ ಗಣಿತ-ಭೌತಶಾಸ್ತ್ರದ ಗ್ರಂಥದಲ್ಲಿ ಸದಿಶಕ್ಕೆ 'ಗ್ರಾಡ್' ಎಂಬ ಸಂಕೇತ ಬಳಸಿದ. ಅಷ್ಟು ಹೊತ್ತಿಗೆ ಎಂಜಿನಿಯರುಗಳು ಆ ಪದವನ್ನು ದಶಕಗಳಿಂದ ಆಡುತ್ತಿದ್ದರು.

ಹೆಸರಿಗೆ ಕಾಯದೆ ಕೆಲಸ ಸಾಗಿದ್ದಕ್ಕೆ ಕೋಶಿ ಸಾಕ್ಷಿ. ಆಕಾಶಕಾಯಗಳ ಕಕ್ಷೆ ಲೆಕ್ಕಹಾಕಲು 1847ರಲ್ಲಿ ಅವನು ಒಂದು ವಿಧಾನ ಕೊಟ್ಟ: ಇದ್ದಲ್ಲಿಂದ ಅತಿ ಕಡಿದಾದ ಇಳಿಜಾರಿನ ದಿಕ್ಕಿಗೆ ಒಂದು ಹೆಜ್ಜೆ, ಮತ್ತೆ ಲೆಕ್ಕ, ಮತ್ತೊಂದು ಹೆಜ್ಜೆ. ಇಂದಿನ ಕೃತಕ ಬುದ್ಧಿಮತ್ತೆಯ ಜಾಲಗಳು ತಮ್ಮ ತಪ್ಪನ್ನು ಕಡಿಮೆ ಮಾಡಿಕೊಳ್ಳುವುದು ಇದೇ ತತ್ತ್ವದಿಂದ, ಎರಡು ದಿಕ್ಕುಗಳ ಬದಲು ಕೋಟಿಗಟ್ಟಲೆ ದಿಕ್ಕುಗಳಲ್ಲಿ. ದೋಷವೂ ಹಳೆಯದೇ: ಗ್ರೇಡಿಯೆಂಟಿಗೆ ಕಾಣುವುದು ಕಾಲಬುಡದ ನೆಲ, ದೂರದ ಕಣಿವೆಯಲ್ಲ.

ಜೀವಶಾಸ್ತ್ರದಲ್ಲಿ ಪೀಟರ್ ಮಿಚೆಲ್ 1961ರಲ್ಲಿ, ಜೀವಕೋಶ ತನ್ನ ಶಕ್ತಿಯನ್ನು ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸವಾಗಿ ಕೂಡಿಡುತ್ತದೆ ಎಂದ. 1978ರಲ್ಲಿ ಅದಕ್ಕೆ ನೊಬೆಲ್ ಬಂತು. ಪರಿಸರ ವಿಜ್ಞಾನಿಗಳು ಮಳೆಯ ಗ್ರೇಡಿಯೆಂಟ್ ಎನ್ನುತ್ತಾರೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರುವ ಆಗುಂಬೆಯಿಂದ ಸಾವಿರವನ್ನೂ ಮುಟ್ಟದ ಶಿವಮೊಗ್ಗಕ್ಕೆ ನೂರು ಕಿಲೋಮೀಟರೂ ಇಲ್ಲ. ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಎಂದು ನಮ್ಮವರು ಆ ಇಳಿಕೆಯನ್ನು ಎಂದೋ ಗುರುತಿಸಿದ್ದಾರೆ.

ಸಮಾಜವಿಜ್ಞಾನದ ಬಳಕೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ಬ್ರಿಟಿಷ್ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ, ಹುದ್ದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಂತೆ ಹೃದ್ರೋಗದ ಸಾವು ಏರುತ್ತ ಹೋದದ್ದು ಕಂಡಿತು. ಇದಕ್ಕೆ 'ಸಾಮಾಜಿಕ ಗ್ರೇಡಿಯೆಂಟ್' ಎಂಬ ಹೆಸರು ನಿಂತಿದೆ. ಏರಿಳಿತದ ಕ್ರಮವನ್ನು ಹೇಳಲು ಹೆಸರು ಸರಿಯೇ. ಆದರೆ ಗುಮಾಸ್ತನಿಗೂ ಅಧಿಕಾರಿಗೂ ನಡುವಿನ ದೂರವನ್ನು ಮೀಟರಿನಲ್ಲಿ ಅಳೆಯಲಾಗದು, ಆದ್ದರಿಂದ ಆ ಇಳಿಜಾರನ್ನು 37ಕ್ಕೆ 1 ಎಂಬಂತೆ ಹೇಳುವ ಮಾರ್ಗ ಅಲ್ಲಿಲ್ಲ.