ಅಥಣಿ ಪುರಸಭೆ ಮೊಕದ್ದಮೆ: ದುಡಿದ ಕೂಲಿಗೆ ಗಡುವುಂಟೆ?

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ಮುಗಿದ ಮೇಲೆ ರಥಬೀದಿಯನ್ನು ಯಾರಾದರೂ ಗುಡಿಸಲೇಬೇಕು. ತಿರುಮಕೂಡಲು ನರಸೀಪುರದಲ್ಲಿ ಕುಂಭಮೇಳ ನಡೆದಾಗಲೂ ಅಷ್ಟೇ. ಊರಿಗೆ ಹಬ್ಬವಾದ ದಿನ ಪೌರ ನೌಕರರಿಗೆ ಕೆಲಸ ಇಮ್ಮಡಿ. ವಾರದ ರಜೆಯ ದಿನ ದುಡಿದವನಿಗೆ ಕೂಲಿ ಬಾರದಿದ್ದರೆ ಅವನು ಎಲ್ಲಿ ದೂರಬೇಕು? ಎಷ್ಟು ದಿನದೊಳಗೆ ದೂರಬೇಕು? ಈ ಪ್ರಶ್ನೆಗಳನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು ಕರ್ನಾಟಕದ ಇನ್ನೊಂದು ತುದಿಯ ಊರು, ಬೆಳಗಾವಿ ಜಿಲ್ಲೆಯ ಅಥಣಿ.

ಪುರಸಭೆ ಕಾರ್ಖಾನೆಯಲ್ಲ, ಲಾಭಕ್ಕಾಗಿ ನಡೆಯುವ ಸಂಸ್ಥೆಯೂ ಅಲ್ಲ. ಆದ್ದರಿಂದ 1947ರ ಕೈಗಾರಿಕಾ ವಿವಾದ ಕಾಯಿದೆ ತಮಗೆ ಅನ್ವಯಿಸದು ಎಂಬುದು ಸ್ಥಳೀಯ ಸಂಸ್ಥೆಗಳ ಹಳೆಯ ವಾದವಾಗಿತ್ತು. ಬಂಗಾಳದ ಬಜ್‌ಬಜ್ ಪುರಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1952ರಲ್ಲೇ ಈ ವಾದವನ್ನು ಒಪ್ಪಲಿಲ್ಲ. ಪುರಸಭೆಗೂ ಅದರ ನೌಕರರಿಗೂ ನಡುವಿನ ತಂಟೆ ಕೈಗಾರಿಕಾ ವಿವಾದವಾಗಬಲ್ಲದು ಎಂದಿತು. ಇತ್ತ 1948ರ ಕನಿಷ್ಠ ವೇತನ ಕಾಯಿದೆ ತನ್ನ ಅನುಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳ ನೌಕರಿಯನ್ನೂ ಸೇರಿಸಿತ್ತು. ವಾರಕ್ಕೊಂದು ದಿನ ವಿಶ್ರಾಂತಿ, ಆ ದಿನ ದುಡಿಸಿದರೆ ಪ್ರತ್ಯೇಕ ಕೂಲಿ, ನಿಗದಿತ ಹೊತ್ತು ಮೀರಿದರೆ ಓವರ್‌ಟೈಂ: ಇವೆಲ್ಲ ಆ ಕಾಯಿದೆಯ ಚೌಕಟ್ಟಿನಲ್ಲಿದ್ದವು.

ಅಥಣಿ ಪುರಸಭೆಯ ಕೆಲಸಗಾರರು ಹೆಚ್ಚು ಹೊತ್ತಿನ ದುಡಿಮೆಗೆ ಮತ್ತು ರಜಾ ದಿನದ ದುಡಿಮೆಗೆ ಬರಬೇಕಾದ ಹಣವನ್ನು ಲೆಕ್ಕಹಾಕಿ ಕೊಡಿಸಬೇಕೆಂದು ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅವರು ಆಧಾರವಾಗಿ ಹಿಡಿದದ್ದು ಕೈಗಾರಿಕಾ ವಿವಾದ ಕಾಯಿದೆಯ 33ಸಿ(2)ನೇ ಕಲಮನ್ನು. ಪ್ರಕರಣ ಮುಂದೆ ಸುಪ್ರೀಂ ಕೋರ್ಟ್ ಮುಟ್ಟಿತು. 1969ರ ಮಾರ್ಚ್‌ನಲ್ಲಿ ತೀರ್ಪು ಬಂತು.

ಪುರಸಭೆಯ ಪರವಾಗಿ ಎರಡು ಮುಖ್ಯ ತಕರಾರುಗಳಿದ್ದವು. ಕನಿಷ್ಠ ವೇತನ ಕಾಯಿದೆಯಲ್ಲೇ ಇಂಥ ದೂರುಗಳಿಗೆ ಬೇರೆ ಅಧಿಕಾರಿ ಇರುವಾಗ ಕಾರ್ಮಿಕ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂಬುದು ಮೊದಲನೆಯದು. ಆ ಅಧಿಕಾರಿಯ ಬಳಿ ಹೋಗಲು ಇದ್ದ ಗಡುವು ಕೇವಲ 6 ತಿಂಗಳು. ತಡವಾದರೆ ತಕ್ಕ ಕಾರಣ ತೋರಿಸಬೇಕಿತ್ತು. 1963ರ ಲಿಮಿಟೇಷನ್ ಕಾಯಿದೆಯ 137ನೇ ಅನುಚ್ಛೇದದಂತೆ 3 ವರ್ಷಕ್ಕಿಂತ ಹಳೆಯ ಬಾಕಿಯನ್ನು ಕೇಳುವಂತಿಲ್ಲ ಎಂಬುದು ಎರಡನೆಯದು.

ಎರಡನ್ನೂ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕೂಲಿಯ ದರದ ಬಗ್ಗೆ ಜಗಳವಿದ್ದರೆ ಕನಿಷ್ಠ ವೇತನ ಕಾಯಿದೆಯ ಅಧಿಕಾರಿಯ ಬಳಿಗೆ ಹೋಗಬೇಕು, ನಿಜ. ಇಲ್ಲಿ ದರದ ಜಗಳವಿಲ್ಲ. ಆ ದರದಲ್ಲಿ ಹಣ ಸಂದಿದೆಯೆ ಇಲ್ಲವೆ ಎಂಬುದಷ್ಟೇ ಪ್ರಶ್ನೆ. ಅದನ್ನು ಕಾರ್ಮಿಕ ನ್ಯಾಯಾಲಯ ವಿಚಾರಿಸಬಹುದು. ಇನ್ನು 137ನೇ ಅನುಚ್ಛೇದ ಕಾರ್ಮಿಕ ನ್ಯಾಯಾಲಯದ ಮುಂದಿನ ಅರ್ಜಿಗಳಿಗೆ ತಾಗುವುದೇ ಇಲ್ಲ. ಅದು ಸಿವಿಲ್ ಇಲ್ಲವೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಂತೆ ನಡೆಯುವ ನ್ಯಾಯಾಲಯವಲ್ಲ ಎಂಬುದು ಇದಕ್ಕೆ ಕೊಟ್ಟ ಕಾರಣಗಳಲ್ಲೊಂದು.

ಈ ತರ್ಕದ ಒಂದು ಭಾಗ ಮುಂದೆ ಉಳಿಯಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಡಿ ಹಾಕಿದ ಅರ್ಜಿಗಳಿಗೆ ಮಾತ್ರ 137ನೇ ಅನುಚ್ಛೇದ ಎಂಬ ಮಾತನ್ನು ಕೇರಳ ವಿದ್ಯುಚ್ಛಕ್ತಿ ಮಂಡಳಿಯ ಪ್ರಕರಣದಲ್ಲಿ 1976ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಲಿಲ್ಲ. ಆದರೆ ಆ ಅನುಚ್ಛೇದ ನ್ಯಾಯಾಲಯಗಳಿಗೆ ಮಾತ್ರ, ಕಾರ್ಮಿಕ ನ್ಯಾಯಾಲಯಕ್ಕಲ್ಲ ಎಂಬ ತಿರುಳು ಗಟ್ಟಿಯಾಗಿ ನಿಂತಿತು. 1969ರಲ್ಲಿ ಜೀವ ವಿಮಾ ನಿಗಮದ ಪ್ರಕರಣವೂ ಇದನ್ನೇ ಹೇಳಿತ್ತು. ಹೀಗೆ ಒಂದು ಸಣ್ಣ ಊರಿನ ಹೆಸರು ದೇಶದ ಕಾರ್ಮಿಕ ಕಾನೂನಿನ ಪುಸ್ತಕಗಳಲ್ಲಿ ನೆಲೆಯಾಯಿತು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಅಥಣಿಯವರು ನೆಚ್ಚಿದ್ದ ಹಳೆಯ ಕಾಯಿದೆಗಳು ತೆರೆಮರೆಗೆ ಸರಿದವು. ವೇತನ ಸಂಹಿತೆಯಡಿ ಬಾಕಿ ಕೇಳಲು ಈಗ 3 ವರ್ಷದ ಅವಧಿಯಿದೆ. ಹಿಂದಿನ 6 ತಿಂಗಳಿಗಿಂತ ಇದು ಉದಾರ. ಆದರೆ ಗಡುವು ಎಷ್ಟೇ ಇರಲಿ, ಹಾಜರಿ ಪುಸ್ತಕ ಕಚೇರಿಯ ಕಪಾಟಿನಲ್ಲಿರುತ್ತದೆ, ಕೆಲಸಗಾರನ ಕೈಯಲ್ಲಿ ಪೊರಕೆ ಮಾತ್ರ ಇರುತ್ತದೆ. ಕೆಲಸ ಕೊಡುವವನು ಊರಿನ ಸರ್ಕಾರವೇ ಆದರೂ, ದುಡಿಸಿಕೊಂಡ ಮೇಲೆ ಕೂಲಿ ಕೊಡುವ ಹೊಣೆಯಲ್ಲಿ ಉಳಿದ ಯಜಮಾನರಿಗಿಂತ ಅವನಿಗೆ ವಿನಾಯಿತಿಯೇನೂ ಇಲ್ಲ. ಅಥಣಿಯ ತೀರ್ಪು ಉಳಿಸಿಹೋದ ಪಾಠ ಇದು.