ಪಿಂಡ

ಶ್ರಾದ್ಧದ ದಿನ ಎಡೆಯಿಡುವ ಅನ್ನದ ಉಂಡೆಯೂ ಪಿಂಡ, ಬಸುರಿಯ ಹೊಟ್ಟೆಯಲ್ಲಿ ಬೆಳೆಯುವ ಜೀವವೂ ಪಿಂಡ. ಸಂಸ್ಕೃತದಿಂದ ಬಂದ ಈ ಪದಕ್ಕೆ ಮೂಲದಲ್ಲಿ ಉಂಡೆ, ಮುದ್ದೆ ಎಂದಷ್ಟೇ ಅರ್ಥ. ಎರಡನೇ ತಿಂಗಳ ಗರ್ಭ ಪಿಂಡದಂತಿದ್ದರೆ ಗಂಡು, ಪೇಶಿಯಂತೆ (ಮಾಂಸದ ತುಂಡಿನಂತೆ) ಇದ್ದರೆ ಹೆಣ್ಣು ಎನ್ನುತ್ತದೆ ಸುಶ್ರುತ ಸಂಹಿತೆ. ಇಂದಿನ ತಿಳಿವಳಿಕೆ ಬೇರೆ: ಏಳನೇ ವಾರದ ಸುಮಾರಿಗೆ ಗಂಡು, ಹೆಣ್ಣು ಎರಡೂ ಬಗೆಯ ಜನನಾಂಗದ ನಾಳಗಳು ಎಲ್ಲ ಭ್ರೂಣಗಳಲ್ಲೂ ಇರುತ್ತವೆ, ಆಮೇಲೆ ಒಂದು ಬೆಳೆದು ಇನ್ನೊಂದು ಕರಗುತ್ತದೆ.

ಕಿಡ್ನಿಗೆ ‘ಮೂತ್ರಪಿಂಡ’ ಎಂದವರು ಯಾರೋ, ಪದ ಮಾತ್ರ ಚೆನ್ನಾಗಿ ಕೂತಿದೆ. ಪಿಂಡದೊಳಗೊಂದು ಪಿಂಡ! ಅದು ಹುಟ್ಟುವುದು ಕಿಬ್ಬೊಟ್ಟೆಯ ತಳದಲ್ಲಿ, ಸೇರುವುದು ಸೊಂಟದ ಮೇಲಕ್ಕೆ. ಏರುವ ಮುನ್ನವೇ ಎರಡರ ಕೆಳತುದಿಗಳು ಬೆಸೆದುಕೊಂಡರೆ ‘ಕುದುರೆಲಾಳದ ಮೂತ್ರಪಿಂಡ’. ನಾಲ್ಕನೇ ತಿಂಗಳಿನಿಂದ ಮಗುವಿನ ಸುತ್ತಲ ನೆತ್ತಿನೀರಿನ ಬಹುಪಾಲು ಮಗುವಿನದೇ ಮೂತ್ರ. ಎರಡೂ ಮೂತ್ರಪಿಂಡ ಮೂಡದಿದ್ದರೆ ಆ ನೀರು ಬತ್ತುತ್ತದೆ, ನೀರಿಲ್ಲದೆ ಶ್ವಾಸಕೋಶ ಬಲಿಯುವುದಿಲ್ಲ. ಮೂತ್ರದ ಅಂಗವೊಂದು ಉಸಿರನ್ನು ಕಾಯುವ ಈ ಬಗೆ ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಬೂದು ಹುರುಳಿಕಾಳಿನಂಥ ಆಕಾರದ ನಡುವೆ ದೊಡ್ಡ ಕಪ್ಪು ಮಚ್ಚೆ ಕಂಡರೆ, ಅಲ್ಲಿ ಮೂತ್ರ ತುಂಬಿ ಹಿಗ್ಗಿದೆ ಎಂದರ್ಥ. ವೈದ್ಯರು ಅದನ್ನು ಹೈಡ್ರೋನೆಫ್ರೋಸಿಸ್ ಎನ್ನುತ್ತಾರೆ. ‘ಮೂತ್ರಪಿಂಡದಲ್ಲಿ ನೀರು ತುಂಬಿದೆ’ ಎಂದರೆ ತಾಯಿಗೆ ಅರ್ಥವಾಗುತ್ತದೆ. ಸಣ್ಣ ಹಿಗ್ಗು ಬಹಳ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ, ಅದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.